ನಿಲ್ಲಿಸುವುದೊಂದು ಬಿಟ್ಟು

ಹಳ್ಳಿಯ ಸರ್ಕಾರಿ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡುತ್ತಾ ಬಂದಿದ್ದೇನೆ. ಪಾಠ ಮಾಡುವವರೆಲ್ಲ ಅದನ್ನು ಪಾಲಿಸಲೂ ಬೇಕು ಅಂತಿದ್ದಿದ್ದರೆ ನಮ್ಮ ಪಿ.ಟಿ. ಮೇಷ್ಟ್ರಿಗೆ ಅಷ್ಟು ಹೊಟ್ಟೆ ಬರುತ್ತಿರಲಿಲ್ಲ. ನಾನು ಹೇಳಿದ ಸುಳ್ಳು ದೊಡ್ಡದೇನಲ್ಲ. ನಿಜ ಹೇಳಬೇಕೆಂದರೆ ಅದು ಪೂರ್ತಿ ಸುಳ್ಳೂ ಅಲ್ಲ. ‘ನಾನು ದಿನಾ ಸೈಕಲ್ ಮೇಲೆ ಗುಂಡ್ಲುಪೇಟೆ ಕಾಲೇಜಿಗೆ ಹೋಗ್ತಿದ್ದೆ’ ಎಂದು ಹೇಳಿಕೊಂಡಿದ್ದೆ, ಅಷ್ಟೆ. ಹೋಗುತ್ತಿದ್ದದ್ದು ಹೌದು. ಸೈಕಲ್ ತುಳಿಯುತ್ತಿದ್ದವನು ನಮ್ಮಣ್ಣ. ನಾನು ಹಿಂದೆ ಕ್ಯಾರಿಯರ್ ಮೇಲೆ ಪುಸ್ತಕ ಎದೆಗವಚಿಕೊಂಡು, ಉಬ್ಬು ಬಂದಾಗಲೆಲ್ಲ ಅವನನ್ನು ಬೈದುಕೊಂಡು ಕೂತಿರುತ್ತಿದ್ದೆ.

ಈ ಮಾತನ್ನು ನಾನು ಹೇಳಿದ್ದು ರತ್ನನ ಗಂಡನ ಎದುರಿಗೆ. ರತ್ನ ನಮ್ಮ ಶಾಲೆಯ ಪಕ್ಕದ ಅಂಗನವಾಡಿಯ ಟೀಚರು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಮಧ್ಯಾಹ್ನದ ಊಟ ಇಬ್ಬರದೂ ಒಟ್ಟಿಗೆ. ಅವಳ ಚಟ್ನಿ ನನ್ನ ಡಬ್ಬಿಗೂ ನನ್ನ ಪಲ್ಯ ಅವಳ ಡಬ್ಬಿಗೂ ಹೋಗದ ದಿನವಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ಮಗಳು ಸೌಮ್ಯ ಚಾಮರಾಜನಗರದಲ್ಲಿ ಪಿಯುಸಿ ಓದಬೇಕೆಂದು ಹಟ ಹಿಡಿದಳು. ಬೆಳಗಿನ ಬಸ್ಸು ನಮ್ಮೂರಿಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಸರ್ಕಾರ ಕೊಟ್ಟ ಸೈಕಲ್ ಮನೆಯಲ್ಲೇ ಇತ್ತು. ಆದರೆ ರತ್ನನ ಗಂಡ, ‘ಎಣ್ಮಗ ಒಂದೇ ಅಷ್ಟ್ ದೂರ ಸೈಕಲ್ ತುಳೀತದಾ? ಬುಡಿ, ಆಗಲ್ಲ’ ಎಂದು ಕೂತುಬಿಟ್ಟ. ಆಗ ನಾನು ಸೆರಗು ಸರಿಮಾಡಿಕೊಂಡು ಆ ಮಾತು ಹೇಳಿದೆ. ‘ನನಗೇನಾಯ್ತು, ನೋಡಿ’ ಅಂತಲೂ ಸೇರಿಸಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಪ್ಪಿದ. ಸೌಮ್ಯ ಓದಿ ನರ್ಸಾಗಿ ಈಗ ಮೈಸೂರಿನಲ್ಲಿದ್ದಾಳೆ. ಸುಳ್ಳು ಮಾತ್ರ ನನ್ನ ಹತ್ತಿರವೇ ಉಳಿಯಿತು.

ಕಳೆದ ದಸರಾ ರಜೆಗೆ ಮೊದಲು ರತ್ನ ಬಂದು, ‘ಅಕ್ಕ, ನೀವ್ ರಿಟೈರಾಗೋದ್ರೊಳಗೆ ಒಂದಿನ ಇಬ್ರೂ ಸೈಕಲ್ಲಲ್ಲಿ ಸುವರ್ಣಾವತಿ ಡ್ಯಾಮಿಗೆ ಓಗನ. ಒಳೆ ಪಕ್ಕದ ದಾರೀಲಿ ನಿಧಾನಕ್ಕೆ, ಅಲ್ಲಲ್ಲಿ ಕೂತ್ಕಂಡು, ಮಾತಾಡ್ಕಂಡು’ ಎಂದಳು. ಮಂಡಿನೋವು ಎಂದೆ. ‘ಮಂಡಿಗೆ ಸೈಕಲ್ಲೇ ಒಳ್ಳೇದಂತೆ, ಸೌಮ್ಯ ಯೋಳವ್ಳೆ’ ಎಂದಳು. ನಾನು ಓದಿಸಿದ ನರ್ಸು ನನಗೇ ತಿರುಗಿಬಿದ್ದಳು.

ರಜೆಯಲ್ಲಿ ಹೋಗುವುದೆಂದು ಒಪ್ಪಲೇಬೇಕಾಯಿತು. ಉಳಿದಿದ್ದು ಮೂರು ವಾರ. ನಮ್ಮ ಶಾಲೆಯ ಬಿಸಿಯೂಟದ ಮಹದೇವಮ್ಮನನ್ನು ಗುಟ್ಟಾಗಿ ಗುರುವಾಗಿ ಹಿಡಿದೆ. ಸಂಜೆ ಮಕ್ಕಳೆಲ್ಲ ಹೋದ ಮೇಲೆ ನಾನು ನನ್ನ ಮಗಳ ಹಳೇ ಸೈಕಲ್ ಹತ್ತುವುದು, ಆಕೆ ಕ್ಯಾರಿಯರ್ ಹಿಡಿದು ‘ಮುಂದ್ಕ್ ನೋಡಿ ಮೇಡಂ, ಚಕ್ರ ನೋಡ್ಬ್ಯಾಡಿ’ ಎಂದು ಓಡಿಬರುವುದು. ನಾನು ನಲವತ್ತು ಮಕ್ಕಳಿಗೆ ಹೇಳಿ ಸುಸ್ತಾಗುವ ಮಾತನ್ನು ಆಕೆ ನನ್ನೊಬ್ಬಳಿಗೇ ಹೇಳಿ ಸುಸ್ತಾದಳು. ಎರಡನೇ ವಾರದ ಕೊನೆಗೆ ಸೈಕಲ್ ನೆಟ್ಟಗೆ ಹೋಗತೊಡಗಿತು. ಇಳಿಯುವುದಕ್ಕೆ ಧ್ವಜಸ್ತಂಭದ ಕಟ್ಟೆಯ ಹತ್ತಿರ ಬಂದು ಕಂಬ ತಬ್ಬಿಕೊಳ್ಳುತ್ತಿದ್ದೆ. ನಿಲ್ಲಿಸಿ ಇಳಿಯುವ ಪಾಠ ಮೂರನೇ ವಾರಕ್ಕಿತ್ತು. ಅಷ್ಟರಲ್ಲಿ ಮಹದೇವಮ್ಮ ಮಗಳ ಬಾಣಂತನಕ್ಕೆಂದು ಪುಣಜನೂರಿಗೆ ಹೊರಟುಹೋದಳು. ಪೋರ್ಷನ್ ಮುಗಿಯದೆ ಪರೀಕ್ಷೆ ಬಂದರೆ ಮಕ್ಕಳಿಗೆ ಏನಾಗುತ್ತದೆಂದು ಅವತ್ತು ತಿಳಿಯಿತು. ಬ್ರೇಕ್ ಹಿಡಿದರೆ ಸೈಕಲ್ ನಿಲ್ಲುತ್ತಿತ್ತು, ನಾನು ನಿಲ್ಲುತ್ತಿರಲಿಲ್ಲ.

ಆ ದಿನ ಬೆಳಗ್ಗೆ ಮಗಳ ಚೂಡಿದಾರ್ ತೊಟ್ಟು, ನಮ್ಮ ಮನೆ ಜಗಲಿಯ ಅಂಚಿನಿಂದ ಸೈಕಲ್ ಏರಿ ಹೊರಟೆ. ರತ್ನ ತನ್ನ ಸೈಕಲ್ಲಿನ ಬುಟ್ಟಿಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟುಕೊಂಡು ಹಿಂದೆ ಬಂದಳು. ಹರದನಹಳ್ಳಿ ಬಂತು. ‘ಅಕ್ಕ, ನಿಲ್ಸಿ, ಟೀ ಕುಡ್ಕಂಡ್ ಓಗನ!’ ಎಂದು ಕೂಗಿದಳು. ‘ಬೇಡ ರತ್ನ, ಬಿಸಿಲೇರುತ್ತೆ!’ ಎಂದೆ. ಆಗಿನ್ನೂ ಏಳು ಗಂಟೆ, ಮಂಜು ಬಿದ್ದಿತ್ತು. ಟೀ ಅಂಗಡಿಯವನು ನನ್ನ ಮುಖ ನೋಡಿ, ‘ಯಾರ್ಗೇನಾಯ್ತಮ್ಮ? ಉಸಾರಿಲ್ವಾ?’ ಎಂದು ರತ್ನನನ್ನು ಕೇಳಿದನಂತೆ. ಹೊಳೆಯ ಪಕ್ಕದ ದಾರಿಗೆ ಇಳಿದ ಮೇಲೆ ಅವಳು ಬೆಳ್ಳಕ್ಕಿ ನೋಡಿ ಎಂದಳು, ನಾನು ನೋಡಲಿಲ್ಲ. ಹೊಂಗೆ ಮರದ ನೆರಳಲ್ಲಿ ಕೂರೋಣ ಎಂದಳು, ಮುಂದೆ ಇನ್ನೂ ಒಳ್ಳೆ ನೆರಳಿದೆ ಎಂದೆ. ಫೋಟೋ ತೆಗೆಯುತ್ತೇನೆ ಎಂದಳು, ಹಿಂದಿನಿಂದಲೇ ತೆಗೆ ಎಂದೆ. ‘ಯಾಕಕ್ಕ, ನನ್ ಮ್ಯಾಲ್ ಕ್ವಾಪವಾ?’ ಎಂದು ಅವಳು ಕೇಳಿದಾಗ ನನಗೆ ಅಳು ಬಂತು. ಒರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಮುಂದಿನ ತಿರುವಿನಲ್ಲಿ ಆಡುಗಳು. ಇಪ್ಪತ್ತೋ ಮೂವತ್ತೋ ದಾರಿ ತುಂಬ ನಿಂತು ಮೆಲುಕು ಹಾಕುತ್ತಿದ್ದವು. ಎಡಕ್ಕೆ ಹೊಳೆ, ಬಲಕ್ಕೆ ಅರಿಶಿನದ ಹೊಲ. ಬೆಲ್ ಹೊಡೆದೆ, ‘ಹೋಯ್’ ಎಂದೆ, ಕೊನೆಗೆ ತರಗತಿಯಲ್ಲಿ ಹೇಳುವ ಹಾಗೆ ‘ಸಾಲಾಗಿ ನಿಲ್ಲಿ!’ ಎಂದೂ ಕೂಗಿದೆ. ಒಂದು ಮರಿ ನೇರ ಚಕ್ರದ ಮುಂದೆ ಬಂದಿತು. ಕಣ್ಣು ಮುಚ್ಚಿ ಬಲಕ್ಕೆ ತಿರುಗಿಸಿದೆ. ಕಣ್ಣು ಬಿಟ್ಟಾಗ ಅರಿಶಿನದ ಎಲೆಗಳ ನಡುವೆ ಕೆಸರಲ್ಲಿ ಕೂತಿದ್ದೆ. ಚಕ್ರ ಇನ್ನೂ ತಿರುಗುತ್ತಿತ್ತು.

ಆಡು ಕಾಯುವ ಮುದುಕಿ ಓಡಿಬಂದು ನನ್ನ ಕೈ ಹಿಡಿದೆತ್ತಿ, ‘ಅಯ್ಯೋ ನನ್ನವ್ವ! ನನ್ ಮರಿ ಉಳಿಸಕ್ ಓಗಿ ನೀನ್ ಬಿದ್ಬುಟ್ಯಲ್ಲವ್ವ! ಯಾವ್ ದ್ಯಾವ್ರೋ ನೀನು!’ ಎಂದಳು. ಇಷ್ಟು ಸಲೀಸಾಗಿ ಒಂದು ಪುಣ್ಯ ನನ್ನ ಪಾಲಿಗೆ ಎಂದೂ ಬಂದಿರಲಿಲ್ಲ. ‘ಪರವಾಗಿಲ್ಲ ಬಿಡಮ್ಮ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಸೈಕಲ್ ಬಿಸಾಡಿ ಓಡಿಬಂದ ರತ್ನ ನನ್ನ ಮೊಣಕೈ ತಡವಿ, ಮಂಡಿ ತಡವಿ, ತನ್ನ ವೇಲಿನಿಂದ ನನ್ನ ಮುಖದ ಕೆಸರು ಒರೆಸುತ್ತಾ, ‘ಬ್ರೇಕ್ ಹಿಡೀಬಾರ್ದಾಗಿತ್ತಾ ಅಕ್ಕ?’ ಎಂದಳು. ಅವಳ ವೇಲು ಪೂರ್ತಿ ಕೆಸರಾಗಿತ್ತು. ಆ ವೇಲು ನೋಡಿ ಎಲ್ಲವನ್ನೂ ಹೇಳಿಬಿಟ್ಟೆ. ಅಣ್ಣ, ಕ್ಯಾರಿಯರ್, ಮಹದೇವಮ್ಮ, ಧ್ವಜಸ್ತಂಭ, ಒಂದನ್ನೂ ಬಿಡಲಿಲ್ಲ.

ರತ್ನ ಎರಡೂ ಸೈಕಲ್ ತಳ್ಳಿಕೊಂಡು ಹೋಗಿ ಹೊಳೆಯ ದಡದ ಬಂಡೆಗೆ ಒರಗಿಸಿದಳು. ರೊಟ್ಟಿಯ ಗಂಟು ಬಿಚ್ಚಿ ನನಗೆರಡು ಕೊಟ್ಟಳು. ಅವಳೂ ತಿಂದಳು. ಇಷ್ಟು ವರ್ಷದಲ್ಲಿ ನಾವು ಮಾತಿಲ್ಲದೆ ಮಾಡಿದ ಊಟ ಅದೊಂದೇ.  ಕೊನೆಗೆ ಅವಳೇ ನೀರು ನೋಡುತ್ತಾ ಹೇಳಿದಳು: ‘ಸೌಮ್ಯನ ಕಳ್ಸಿದ ದಿನ್ವೆಲ್ಲ ನನ್ ಜೀವ ಕೈಲಿರ್ತಿತ್ತು ಕಣಕ್ಕ. ಸಂಜೆ ಬರೋಗಂಟ ಬಾಗ್ಲಲ್ಲೇ ನಿಂತಿರ್ತಿದ್ದೆ. ಅಕ್ಕ ಓಗಿಲ್ವಾ, ಅಕ್ಕಂಗೇನಾಯ್ತು ಅಂತ ನನ್ಗ್ ನಾನೇ ಯೋಳ್ಕತಿದ್ದೆ.’

ನಾನು ತಲೆ ತಗ್ಗಿಸಿದೆ. ‘ತಪ್ಪಾಯ್ತು ರತ್ನ’ ಎಂದೆ.

‘ಆವತ್ ನೀವು ನಿಜ ಯೋಳಿದ್ರೆ ಅವ್ಳು ಓಗ್ತಿರ್ನಿಲ್ಲ. ಅದ್ಕೆ ನಾನು ಬೈಯಂಗಿಲ್ಲ. ಆದ್ರೆ ಆಮೇಲ್ ನನ್ ಒಬ್ಬಳ್ಗಾರಾ ಯೋಳ್ಬೌದಿತ್ತಲ್ಲ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಕಿವಿಯ ಹಿಂದೆ ಸಿಕ್ಕಿಕೊಂಡಿದ್ದ ಅರಿಶಿನದ ಎಲೆ ಚೂರು ತೆಗೆದಳು. ತುಟಿ ಅದುರಿತು. ಅಳುತ್ತಾಳೆಂದುಕೊಂಡೆ, ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಆಡ್ಗಳ್ಗೆ ಸಾಲಾಗ್ ನಿಂತ್ಕಳಿ ಅಂದ್ರಲ್ಲಕ್ಕ!’

ಡ್ಯಾಮ್ ಅವತ್ತು ನೋಡಲಿಲ್ಲ. ಸಂಜೆಯವರೆಗೂ ಆ ಹೊಳೆದಂಡೆಯ ಎರಡು ಫರ್ಲಾಂಗಿನಲ್ಲೇ ಹೋದೆವು, ಬಂದೆವು. ‘ಮೆಲ್ಲಗ್ ಬ್ರೇಕ್ ಹಿಡೀರಿ, ಎಡ್ಗಾಲ್ ಊರಿ, ಆಮೇಲ್ ಇಳೀರಿ’ ಎಂದು ರತ್ನ ಕಲಿಸಿದಳು. ಹದಿನೇಳನೆಯ ಸಲಕ್ಕೆ ಬೀಳದೆ ನಿಂತೆ. ಆಗ ಬೆಳ್ಳಕ್ಕಿಗಳನ್ನೂ ನೋಡಿದೆ. ಚೆನ್ನಾಗಿದ್ದವು.

ರಜೆ ಮುಗಿದ ಮೇಲೆ ಶಾಲೆಯ ಮೊದಲ ದಿನ ಪ್ರಾರ್ಥನೆಯಲ್ಲಿ ಹೆಡ್‌ಮಾಸ್ಟರು ಮುಂದೆ ಬಂದರು. ಆಡು ಕಾಯುವ ಮುದುಕಿ ಹಬ್ಬಿಸಿದ ಸುದ್ದಿ ನಮಗಿಂತ ಮೊದಲೇ ಊರಿಗೆ ಬಂದಿತ್ತು. ‘ನಮ್ಮ ಮೇಡಂ ಈ ವಯಸ್ಸಲ್ಲಿ ಡ್ಯಾಮ್‌ವರೆಗೆ ಸೈಕಲ್ ತುಳಿದಿದ್ದಾರೆ. ಪ್ರಾಣ ಲೆಕ್ಕಿಸದೆ ಆಡಿನ ಮರಿ ಉಳಿಸಿದ್ದಾರೆ’ ಎಂದು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಇನ್ನು ಸಾಕು ಎಂದು ನಾನು ಮೈಕ್ ಇಸಿದುಕೊಂಡು, ಮಕ್ಕಳೆದುರಿಗೆ ನಿಜ ಹೇಳಿದೆ. ಡ್ಯಾಮಿಗೆ ಹೋಗಲಿಲ್ಲ, ಮರಿಯನ್ನು ಉಳಿಸಲಿಲ್ಲ, ನನಗೆ ನಿಲ್ಲಿಸಲು ಬರದೆ ಹೊಲಕ್ಕೆ ಬಿದ್ದೆ, ಎಂದೆ. 

‘ನೋಡಿದಿರಾ ಮಕ್ಕಳೇ’ ಎಂದರು ಹೆಡ್‌ಮಾಸ್ಟರು, ಕಣ್ಣು ಒದ್ದೆ ಮಾಡಿಕೊಂಡು. ‘ದೊಡ್ಡವರ ವಿನಯ ಅಂದರೆ ಇದು!’

ಚಪ್ಪಾಳೆ ಮೊದಲಿಗಿಂತ ಜೋರಾಯಿತು. ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದ ರತ್ನ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ವಿನಯ ನನ್ನಲ್ಲಿಲ್ಲ ಎಂದು ಹೇಳಬಹುದಿತ್ತು. ಆದರೆ ಅದನ್ನೂ ವಿನಯವೆಂದೇ ಬರೆದುಕೊಳ್ಳುತ್ತಾರೆಂದು ಹೆದರಿ, ಗಂಭೀರವಾಗಿ ಕೈ ಮುಗಿದು ಕೂತೆ. ಕೂತ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಸ್ವಲ್ಪ ಖುಷಿಯನ್ನೂ ಪಟ್ಟೆ.