ನೊಣಗಳಿಗೆ ಶಿರಾ

ನಮ್ಮ ಭಾವ ತಮ್ಮ ಆಯುಷ್ಯದಲ್ಲಿ ಸಾವಿರಾರು ಮದುವೆ ಮಾಡಿಸಿದರು. ಒಂದಕ್ಕೂ ನಮ್ಮನ್ನು ಊಟಕ್ಕೆ ಕರೆಯಲಿಲ್ಲ! ಕರೆದರೂ ಹೋಗುವುದೆಲ್ಲಿಗೆ? ಮದುಮಕ್ಕಳೆಲ್ಲ ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣಗಳು, ಮಂಟಪವೆಂದರೆ ಹಾಲಿನ ಬಾಟಲಿ.

ಎಪ್ಪತ್ತರ ದಶಕದಲ್ಲಿ ನಾನು ಹೂವಿನ ಹಿಪ್ಪರಗಿಯಿಂದ ಮುದ್ದೇಬಿಹಾಳದ ಆ ಮನೆಗೆ ಸಣ್ಣ ಸೊಸೆಯಾಗಿ ಬಂದೆ. ನನ್ನ ಗಂಡನ ಅಣ್ಣನಾದ ಈ ಭಾವ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ಮನೆಯಲ್ಲಿ ನೊಣ ಸಾಕುತ್ತಿದ್ದರು. ಅವುಗಳ ಊಟಕ್ಕೆ ರವೆ, ಬೆಲ್ಲ ಬೇಯಿಸಿದ ಶಿರಾ! ಒಮ್ಮೆ ಬೀಗರು ಬಂದಾಗ ಡಬ್ಬಿಯಲ್ಲಿ ಒಂದು ಚಮಚ ರವೆಯೂ ಉಳಿದಿರಲಿಲ್ಲ.

“ಬೀಗರಿಗೆ ಚುರುಮುರಿ, ನೊಣಕ್ಕ ಶಿರಾ! ಎಂಥಾ ಮಗನ್ನ ಹಡದ್ನೆವಾ!” ಎಂದು ಅತ್ತೆ ಹಣೆ ಚಚ್ಚಿಕೊಂಡರು.

ಮನೆಗೆ ಬಂದವರಿಗೆ ಮೈಕ್ರೋಸ್ಕೋಪಿನಲ್ಲಿ ಇಣುಕದೆ ಚಹಾ ಸಿಗುತ್ತಿರಲಿಲ್ಲ. ನಾನೂ ಸೆರಗು ಹೊದ್ದುಕೊಂಡೇ ಬಗ್ಗಿ ನೋಡಿದೆ.

“ಗಂಡಿನ ಬಾಲದ ತುದಿಗೆ ಕೊಕ್ಕಿ ಕಾಣ್ತೈತಲ್ಲ? ಅದರಿಂದ ಹೆಣ್ಣನ್ನ ಗಟ್ಯಾಗಿ ಹಿಡಕೊಂತೈತಿ. ಅದಕ್ಕೂ ಮೊದಲ ಒಂದ ರೆಕ್ಕಿ ಚಾಚಿ, ಹಾಡಿ, ಕುಣಿದು ತೋರಿಸಬೇಕು. ಹೆಣ್ಣು ಒಲ್ಲೆ ಅಂದ್ರ ಹಿಂಗಾಲಿಂದ ಝಾಡಿಸಿ ಒದೀತೈತಿ!” ಎಂದರು ಭಾವ.

“ಈ ಪದ್ಧತಿ ನಮ್ಮ ಕಡೆ ಯಾಕ ಇಲ್ರಿ?” ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. ನನ್ನ ಗಂಡ ಎರಡು ದಿನ ನನ್ನ ಕಾಲಿಗೆ ಸಿಗದಷ್ಟು ದೂರದಲ್ಲೇ ಕೂತು ಉಂಡರು.

ಇಷ್ಟು ನಗುವ ಮನೆಯಲ್ಲಿ ಒಬ್ಬರು ನಗುತ್ತಿರಲಿಲ್ಲ. ಅವರು ಭಾವನ ಹೆಂಡತಿ, ನನ್ನ ನೆಗೆಣ್ಣಿ. ಮದುವೆಯಾಗಿ ಹನ್ನೊಂದು ವರ್ಷ, ಮಕ್ಕಳಿಲ್ಲ. ಅತ್ತೆ ಅವರಿಗೆ ಉಡಿ ತುಂಬುವುದನ್ನೇ ಬಿಟ್ಟಿದ್ದರು. ಕೊನೆಗೆ ಮಗನಿಗೆ ಎರಡನೇ ಹೆಂಡತಿಯೆಂದು ಗೊಳಸಂಗಿಯ ಹುಡುಗಿಯನ್ನು ಗೊತ್ತು ಮಾಡಿ, ಆಕೆಯ ಉಡಿಗೆ ಕುಬಸದ ಖಣ, ಕೊಬ್ಬರಿ ಬಟ್ಟಲು, ಅಕ್ಕಿಯನ್ನು ತಟ್ಟೆಯಲ್ಲಿ ತೆಗೆದಿಟ್ಟರು. ಗೊಳಸಂಗಿಗೆ ಹೊರಡುವ ಮುಂಜಾನೆ ಭಾವ ಒಂದು ಬಾಟಲಿ ಹಿಡಿದು ಬಂದರು.

“ಅವ್ವಾ, ಈ ಗಂಡು ನೋಡು. ಕುಣೀತೈತಿ, ಕೂಡತೈತಿ, ಎಲ್ಲಾ ಬರೋಬರಿ. ಆದ್ರ ತತ್ತಿ ಒಡದು ಹುಳ ಬರೂದಿಲ್ಲ. ಹೆಣ್ಣಿಂದ ತಪ್ಪಂತ ತಿಳಿದಿದ್ದೆ. ಅದ ಹೆಣ್ಣಿಗೆ ಬ್ಯಾರೆ ಗಂಡು ಬಿಟ್ಟೆ, ಬಾಟಲಿ ತುಂಬ ಹುಳ! ಇದರ ಬೀಜದಾಗ ಜೀವಾನ ಇಲ್ಲ.”

“ಸುಡು ನಿನ್ನ ನೊಣ! ಅದಕ್ಕೂ ನಿನಗೂ ಏನ ಸಂಬಂಧ?”

“ಅದ ಮೈಕ್ರೋಸ್ಕೋಪಿನ್ಯಾಗ ನಂದೂ ನೋಡೇನವ್ವಾ. ಈಕೀದೇನೂ ತಪ್ಪಿಲ್ಲ.”

ಅಡುಗೆಮನೆಯ ಬಾಗಿಲಲ್ಲಿದ್ದ ನೆಗೆಣ್ಣಿ ಹೊರಗೆ ಬಂದು ಭಾವನ ಪಕ್ಕ ನಿಂತರು. ಯಾವ ಗಂಡಸಿನ ಬಾಯಿಂದಲೂ ಬರದ ಮಾತನ್ನು ಈ ನೊಣದ ಮನುಷ್ಯ ಆಡಿದ್ದರು. ಅಂದು ಅವರ ಮೇಲೆ ಹುಟ್ಟಿದ ಅಭಿಮಾನ ಇಂದಿಗೂ ಇಳಿದಿಲ್ಲ.

ಅತ್ತೆ ಎದ್ದು, ಗೊಳಸಂಗಿಗೆಂದು ಇಟ್ಟಿದ್ದ ತಟ್ಟೆಯನ್ನೇ ತಂದು ಹಿರಿಸೊಸೆಯ ಉಡಿ ತುಂಬಿದರು. ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಕಣ್ಣೊರೆಸಿಕೊಂಡು, ಭಾವನ ಕೈಯಲ್ಲಿದ್ದ ಬಾಟಲಿಯ ಕಡೆ ನೋಡಿ ನನಗೆ ಹೇಳಿದರು:

“ಅದಕ್ಕೂ ಒಂದೀಟು ಶಿರಾ ಹಾಕವಾ. ಪಾಪ, ಅದಾದ್ರೂ ಏನ್ ಮಾಡೀತು?”