ಶನಿವಾರದ ಕಬ್ಬಿಣದ ಕಾವಲಿ

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದು ನಂಬಿ ಬಾಳಿದವಳು ನಾನು. ಒಂದು ಬಾಳೆಹಣ್ಣು, ಅದೂ ಇಲ್ಲದಿದ್ದರೆ ಅರಿಶಿನ ಕುಂಕುಮವನ್ನಾದರೂ ಕೊಟ್ಟೇ ಕಳಿಸುತ್ತೇನೆ. ಅಂಥವಳ ವೆಬ್‌ಸೈಟಿಗೆ ಬಂದವರೆಲ್ಲ ಬರಿಗೈಯಲ್ಲೇ ಹಿಂದಿರುಗುತ್ತಿದ್ದರು.

ವೆಬ್‌ಸೈಟು ಮಗಳು ಮಮತಾ ಮಾಡಿಕೊಟ್ಟದ್ದು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಕಾಲೇಜಿಗೆ ಹೋಗಿಬರುತ್ತಾ ಮೊಬೈಲಿನಲ್ಲೇ ಅದನ್ನು ಕಟ್ಟಿದಳು. ನಾನು ಬಳಸಿ ನೋಡಿದ ಕಬ್ಬಿಣದ ದೋಸೆ ಕಾವಲಿ, ಬಾಣಲೆ, ಒಗ್ಗರಣೆ ಸೌಟುಗಳ ಬಗ್ಗೆ ಅದರಲ್ಲಿ ಬರೆಯಬೇಕು. ಓದಿದವರು ಗುಂಡಿ ಒತ್ತಿದರೆ ಆನ್‌ಲೈನ್ ಅಂಗಡಿ ತೆರೆದುಕೊಳ್ಳುತ್ತದೆ, ಅಲ್ಲಿ ಕೊಂಡರೆ ನಮಗೆ ಚೂರು ಕಮಿಷನ್. ಗುಂಡಿ ಕೆಂಪಗಿದ್ದರೆ ಜನ ಒತ್ತುತ್ತಾರೆ ಎಂದಳು. ಕುಂಕುಮದ ಬಣ್ಣ, ನನಗೂ ಒಪ್ಪಿಗೆಯಾಯಿತು. ಮೇಲೆ ದೊಡ್ಡದಾಗಿ ‘ರತ್ನಮ್ಮನ ಅಡುಗೆಮನೆ’ ಎಂದು ಹಾಕಿದಳು. ರೇಷನ್ ಕಾರ್ಡು, ಮದುವೆ ಪತ್ರಿಕೆ ಬಿಟ್ಟರೆ ನನ್ನ ಹೆಸರನ್ನು ನಾಲ್ಕು ಜನ ಓದುವಂತೆ ಹಾಕಿದ್ದು ಅಲ್ಲಿಯೇ. ಅದನ್ನು ದಿನಕ್ಕೊಮ್ಮೆ ತೆರೆದು ನೋಡಿಕೊಳ್ಳುತ್ತಿದ್ದೆ. ಆದರೆ ತಿಂಗಳ ಕೊನೆಯೊಳಗೆ ಒಬ್ಬರಾದರೂ ಕೊಳ್ಳದಿದ್ದರೆ ಅಂಗಡಿಯವರು ನಮ್ಮ ಖಾತೆಯನ್ನೇ ಮುಚ್ಚುತ್ತಾರಂತೆ, ಆಮೇಲೆ ವೆಬ್‌ಸೈಟನ್ನೂ ತೆಗೆದುಬಿಡಬೇಕಂತೆ.

“ಅಮ್ಮಾ, ಜನ ಜಾಸ್ತಿ ಬರೋದೇ ಶನಿವಾರ. ಆವತ್ತೇ ಗುಂಡಿ ಇರಲ್ಲ. ಏನ್ ಮಾಡಿದೀಯ?” ಎಂದು ಮಮತಾ ಒಂದು ದಿನ ಹಿಡಿದು ಕೇಳಿದಳು.

ಮಾಡಿದ್ದು ಇಷ್ಟೇ. ಶನಿವಾರ ಸ್ನಾನ ಮುಗಿಸಿದ ಕೂಡಲೇ ಗುಂಡಿ ತೆಗೆದು, “ಈ ದಿನ ಕಬ್ಬಿಣ ಕೊಳ್ಳಬಾರದು. ದಯವಿಟ್ಟು ನಾಳೆ ಬನ್ನಿ” ಎಂದು ಬರೆಯುತ್ತಿದ್ದೆ.

“ನಾಳೆ ಯಾರೂ ಬರಲ್ಲಮ್ಮಾ!”

“ಬರ್ದಿದ್ರೆ ಬ್ಯಾಡ ಬುಡೇ. ನಂಬ್ಕಂಡ್ ಬಂದೋರ್ಗೆ ಶನಿ ಅಂಟ್ಸಿ ಕಳ್ಸಾನ?”

“ಬಂದೋರ್ನ ಬಾಗ್ಲಲ್ಲೇ ಓಡ್ಸೋ ವೆಬ್‌ಸೈಟು ಲೋಕದಲ್ಲಿ ನಿಂದೊಂದೇ ಕಣಮ್ಮ.”

ಮಗಳ ಮುಖ ನೋಡಲಾಗದೆ ಆಂಜನೇಯನ ಗುಡಿಯ ಪೂಜಾರಪ್ಪನವರನ್ನೇ ಕೇಳಿದೆ. ಶನಿವಾರ ಕಬ್ಬಿಣದ ಕಾವಲಿ ಬುಕ್ ಮಾಡಿ, ಅದು ಬೇರೆ ದಿನ ಬಂದರೆ ಹೇಗೆ? ಅವರು ಮಂಗಳಾರತಿ ತಟ್ಟೆ ಕೆಳಗಿಟ್ಟು ಯೋಚಿಸಿದರು.

“ದುಡ್ಡು ಯಾವತ್ತಮ್ಮ ಕೊಡಾದು?”

“ಸಾಮಾನ್ ಬಂದ್ಮೇಲೂ ಕೊಡ್ಬೋದು ಸಾಮಿ.”

“ಅಂಗಾದ್ರೆ ದೋಸ ಇಲ್ಲ. ದುಡ್ ಕೊಟ್ಟ ದಿನವೇ ಕೊಂಡ ದಿನ.” ಆಮೇಲೆ ದನಿ ತಗ್ಗಿಸಿ, “ಆ ಕಾವಲೀಲಿ ದೋಸೆ ಚೆನ್ನಾಗ್ ಏಳ್ತದಾ?” ಎಂದರು.

ಗುಂಡಿಯನ್ನು ಮತ್ತೆ ಇಟ್ಟು ಕೆಳಗೆ ಬರೆದೆ: “ಪೂಜಾರಪ್ಪನವರನ್ನು ಕೇಳಿದ್ದೇನೆ, ಶನಿವಾರವೂ ಒತ್ತಬಹುದು. ದುಡ್ಡು ಮಾತ್ರ ಸಾಮಾನು ಬಂದಮೇಲೆ ಕೊಡಿ.” ಅಂದು ಸಂಜೆಯೇ ಒಂದು ಕಾವಲಿ ಬುಕ್ ಆಯಿತು. ಮಮತಾ ನನ್ನನ್ನು ಅಪ್ಪಿಕೊಂಡಳು. ಕೊಂಡವರು ಪೂಜಾರಪ್ಪನವರೇ ಎಂದು ಮರುದಿನ ಅವರ ಹೆಂಡತಿ ಹೇಳಿದರು.

ಕಾವಲಿ ಬಂದದ್ದು ತಿಂಗಳ ಕೊನೆಯ ದಿನ. ಅದು ಶನಿವಾರ.

ಪೂಜಾರಪ್ಪನವರು ಫೋನು ಮಾಡಿ ಕರೆದರೆಂದು ಓಡಿದೆ. ಅವರು ಬಾಗಿಲಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಬೀದಿಯಲ್ಲಿ ಪಾರ್ಸೆಲ್ ಹಿಡಿದು ಡೆಲಿವರಿಯವನು.

“ನಾಳೆ ತರಾಕೇಳಮ್ಮ, ನಾನು ಇವತ್ತು ದುಡ್ ಕೊಡಾಕಿಲ್ಲ.”

“ಎನ್ನಕ್ಕಾ ಇದು! ನಾಳೆ ಸಂಡೇ, ನಂಗೆ ರಜಾ. ಉರಿಗಾಂನಿಂದ ಇದಕ್ಕೇಂತ ಬರ್ಲಾ? ತಗೊಂಡಿಲ್ಲಾಂದ್ರೆ ಇದು ವಾಪಸ್ ಓಗ್ತದೆ” ಎಂದು ಅವನು ತಮಿಳು ಬೆರೆಸಿ ಗೊಣಗಿದ.

ವಾಪಸ್ ಹೋದರೆ ಮಾರಾಟ ಲೆಕ್ಕಕ್ಕಿಲ್ಲ, ಖಾತೆಯೂ ಇಲ್ಲ. ‘ರತ್ನಮ್ಮನ ಅಡುಗೆಮನೆ’ ಕಣ್ಣ ಮುಂದೆ ಬಂತು. ಸೆರಗಿನ ಗಂಟು ಬಿಚ್ಚಿ ದುಡ್ಡು ನಾನೇ ಕೊಟ್ಟೆ.

“ಒಳ್ಳೇದಾಯ್ತು ಬುಡಮ್ಮ, ನಾಳೆ ನಿನ್ತಾವ ತಗಂತೀನಿ” ಎಂದು ಪೂಜಾರಪ್ಪನವರು ಕೈಗಳನ್ನು ಮುಂದಕ್ಕೆ ತಂದರು.

“ಮತ್ತೆ ನಂಗಂಟಿದ ದೋಸ ಸಾಮಿ?”

“ಸಂಜೆ ಒಂದ್ ಎಳ್ಳೆಣ್ಣೆ ದೀಪ ಅಚ್ಚು, ಸರಿಯಾಗ್ತದೆ.”

ಎಷ್ಟೋ ಊರಿನ ಗುರುತಿಲ್ಲದವರನ್ನೆಲ್ಲ ಶನಿವಾರದ ಕಬ್ಬಿಣದಿಂದ ಕಾಪಾಡಿದ ವೆಬ್‌ಸೈಟಿನಲ್ಲಿ, ಶನಿವಾರ ಕಬ್ಬಿಣ ಕೊಂಡವಳು ನಾನೊಬ್ಬಳೇ. ಆದರೂ ಖಾತೆ ಉಳಿಯಿತು, ಹೆಸರು ಉಳಿಯಿತು, ಕಾವಲಿಯಲ್ಲಿ ಒಂದು ಬಿರುಕೂ ಇರಲಿಲ್ಲ. ದೇವರು ದೊಡ್ಡವನು.

ಮನೆಗೆ ಬಂದು ನೋಡಿದರೆ ಎಳ್ಳೆಣ್ಣೆ ಮುಗಿದಿತ್ತು. ಶನಿವಾರ ಎಣ್ಣೆಯನ್ನೂ ಕೊಳ್ಳಬಾರದು. ಪಕ್ಕದ ಮನೆಯಿಂದ ಒಂದು ಬಟ್ಟಲು ಕಡ ತಂದು ದೀಪ ಹಚ್ಚಿದೆ. ಕಡ ತಂದ ದಿನ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಪೂಜಾರಪ್ಪನವರನ್ನು ಕೇಳಲು ಹೋಗಲಿಲ್ಲ.