ಲೈನ್‌ಮನ್ ಕೂತ ಜಗಲಿ

ಇಸ್ಪೀಟಾಟದಲ್ಲಿ ಗೆಲ್ಲಬೇಕಾದರೆ ಒಳ್ಳೆಯ ಎಲೆ ಬೀಳಬೇಕು ಎಂದು ನಂಬಿದವರನ್ನು ಕಂಡರೆ ನನಗೆ ಕನಿಕರ. ಎಲೆ ಯಾರಿಗೆ ಬೇಕಾದರೂ ಬೀಳುತ್ತದೆ. ಬುದ್ಧಿ ಬೇಕಾಗುವುದು ಯಾರ ಜೊತೆ ಕೂರಬೇಕು ಎಂದು ತೀರ್ಮಾನಿಸುವುದಕ್ಕೆ. ನಮಗಿಂತ ದಡ್ಡರಿರುವ ಜಾಗ ಹುಡುಕಿಕೊಂಡು ಹೋಗಿ ಕೂತರೆ ಅರ್ಧ ಆಟ ಗೆದ್ದ ಹಾಗೆ. ಈ ಸಿದ್ಧಾಂತವನ್ನು ನಾನು ಯಾರಿಂದಲೂ ಕದ್ದದ್ದಲ್ಲ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟು, ದಡ್ಡರನ್ನು ದೂರದಿಂದಲೇ ಗುರುತಿಸುವ ವಿದ್ಯೆಯನ್ನು ಸ್ವಂತವಾಗಿ ಸಂಪಾದಿಸಿದವನು ನಾನು. ಇಷ್ಟೆಲ್ಲ ವಿದ್ಯೆಯಿದ್ದೂ ಮೊದಮೊದಲು ಯಾವ ಜಗಲಿಯಲ್ಲೂ ತಿಂಗಳಿಗಿಂತ ಹೆಚ್ಚು ಕೂರಲು ಏಕಾಗಲಿಲ್ಲ ಎಂದು ಮಾತ್ರ ಕೇಳಬೇಡಿ. ಕೇಳದಿದ್ದರೂ ಈಗ ಹೇಳಿಯೇಬಿಡುತ್ತೇನೆ, ಅದು ಬೇರೆ ಮಾತು.

ನಾನು ಕುಂದಾಣದ ಕಡೆಯವನು. ತೊಂಬತ್ತರ ದಶಕದ ಆರಂಭದಲ್ಲಿ ದೊಡ್ಡಬಳ್ಳಾಪುರಕ್ಕೆ ವರ್ಗವಾಗಿ ಬಂದು, ಹೆಂಡತಿ ಸರೋಜಳ ತವರಿನ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದೆ. ಆ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್. ಬೆಳಗಾದರೆ ಟಕಟಕ ಸದ್ದು. ಗಂಡಹೆಂಡಿರು ಜಗಳವಾಡಬೇಕಾದರೂ ಕರೆಂಟು ಹೋಗುವವರೆಗೆ ಕಾಯಬೇಕು. ಬೇಸಿಗೆಯಲ್ಲಿ ಹೆಚ್ಚು ಕಾಯಬೇಕಾಗಿರಲಿಲ್ಲ. ನಮ್ಮ ಶಾಲೆಯ ಗಂಟೆ ಕೂಡ ಕರೆಂಟು ಹೋಗುವಷ್ಟು ಕರಾರುವಾಕ್ಕಾಗಿ ಹೊಡೆಯುತ್ತಿರಲಿಲ್ಲ. ಮಗ್ಗ ನಿಂತೊಡನೆ ಗಂಡಸರು ಜಗಲಿಗೆ ಬಂದು ಎಲೆ ಕಲೆಸುತ್ತಿದ್ದರು. ಆಟ ರಮ್ಮಿ. ಸೋತವನು ಎಲ್ಲರಿಗೂ ಟೀ, ಬೋಂಡ ತರಿಸಬೇಕು, ಅಷ್ಟೇ ಪಣ.

ನಾನು ಮೊದಲು ಸೇರಿದ್ದು ಪೆನ್ಷನ್‌ದಾರರ ಜಗಲಿ. ಅವರು ಒಂದು ಎಲೆ ಇಳಿಸುವಷ್ಟರಲ್ಲಿ ನಾನು ಒಂದು ತರಗತಿಯ ಉತ್ತರಪತ್ರಿಕೆ ತಿದ್ದಿ ಮುಗಿಸಬಹುದಾಗಿತ್ತು. ಸ್ವಲ್ಪ ದಿನ ಕಳೆದ ಮೇಲೆ, ನಾನು ಹೋದಾಗಲೆಲ್ಲ ಅವರು ಆಟವನ್ನೇ ಬಿಟ್ಟು ಪಂಚಾಂಗ ನೋಡುತ್ತ ಕೂತಿರತೊಡಗಿದರು. ವಯಸ್ಸಾದ ಮೇಲೆ ಭಕ್ತಿ ಹೆಚ್ಚುವುದು ಸಹಜ ಎಂದುಕೊಂಡು ಎದ್ದು ಬಂದೆ. ಆಮೇಲೆ ಪಡ್ಡೆ ಹುಡುಗರ ಜಗಲಿ. ಅವರು ನನ್ನನ್ನು ಬಾಯ್ತುಂಬ "ಗುರು" ಎನ್ನುತ್ತಿದ್ದರು. ಮೇಷ್ಟ್ರೆಂಬ ಗೌರವ ಎಂದು ನಾನು ಉಬ್ಬಿದ್ದೆ, ಬೀದಿನಾಯಿಯನ್ನೂ "ಆ ಕಡೆ ಹೋಗು ಗುರು" ಎನ್ನುವುದು ಕಿವಿಗೆ ಬೀಳುವವರೆಗೆ. ಅಲ್ಲಿಗೂ ನಮಸ್ಕಾರ ಹೇಳಿದೆ.

ಆಗ ಕಣ್ಣಿಗೆ ಬಿದ್ದದ್ದು ಟ್ರಾನ್ಸ್‌ಫಾರ್ಮರಿನ ಎದುರಿಗಿದ್ದ ವೆಂಕಟಪ್ಪನವರ ಜಗಲಿ. ವೆಂಕಟಪ್ಪನವರು ಹಳೇ ನೇಕಾರರು. ಮಗ್ಗವನ್ನು ಮಗನಿಗೆ ಬಿಟ್ಟು ಜಗಲಿಯನ್ನು ತಾವು ಇಟ್ಟುಕೊಂಡಿದ್ದರು. ಅವರ ಜೊತೆ ನನ್ನ ಭಾವಮೈದ ನಾಗರಾಜ ಕೂರುತ್ತಿದ್ದ. ಫ್ಯೂಸು ಹೋದ ದಿನ ಲೈನ್‌ಮನ್ ಮುನಿರಾಜು ಬಂದು ಸೇರಿಕೊಳ್ಳುತ್ತಿದ್ದ. ಎದುರಿನ ಅಂಗಡಿಯಲ್ಲಿ ಬಾಳೆಹಣ್ಣು ತಿನ್ನುವ ನೆಪದಲ್ಲಿ ನಾನು ಕೆಲವು ದಿನ ಅವರ ಆಟ ಗಮನಿಸಿದೆ. ಅಬ್ಬಾ, ಎಂಥ ಆಟ! ವೆಂಕಟಪ್ಪನವರು ಕೈಯಲ್ಲಿ ಅಚ್ಚುಕಟ್ಟಾಗಿ ಕೂಡಿದ್ದ ಎಲೆಗಳನ್ನೇ ಮುರಿದು ಇಳಿಸುತ್ತಿದ್ದರು. ನಾಗರಾಜನಂತೂ ಜೋಕರ್ ಹಿಡಿದುಕೊಂಡೇ ಸೋಲುತ್ತಿದ್ದ. ಪ್ರತಿ ಸಲ ಗೆಲ್ಲುತ್ತಿದ್ದವನು ಮುನಿರಾಜು. ಇಂಥವರನ್ನು ಸೋಲಿಸಿದ್ದೇ ಮಹಾಸಾಧನೆ ಎನ್ನುವಂತೆ ಮೀಸೆ ತಿರುವಿ, ಕಟಿಂಗ್ ಪ್ಲೇಯರ್ ಜೇಬಿಗಿಳಿಸಿ, ಕಂಬ ಹತ್ತುತ್ತಿದ್ದ. ಇಡೀ ತಾಲ್ಲೂಕಿನ ದಡ್ಡತನವೆಲ್ಲ ಒಂದೇ ಜಗಲಿಯಲ್ಲಿ ಶೇಖರವಾಗಿದೆಯಲ್ಲ ಎಂದು ನನಗೆ ರೋಮಾಂಚನವಾಯಿತು.

ಮದುವೆಗಳ ಕಾಲದ ಒಂದು ಭಾನುವಾರ ಬೆಳಗ್ಗೆ ಢಬ್ ಎಂದು ಫ್ಯೂಸು ಹೋಯಿತು. ಮದುವೆ ಮನೆಯೊಂದರ ಸೀರೆಗಳನ್ನು ನಾಗರಾಜ ಮಾರನೆಯ ದಿನವೇ ಚಿಕ್ಕಪೇಟೆಗೆ ತಲುಪಿಸಬೇಕಿತ್ತು. ಕೊನೆಯ ಎರಡು ಇನ್ನೂ ಮಗ್ಗದ ಮೇಲಿದ್ದವು. ಮುನಿರಾಜು ಸೈಕಲ್ಲಿನಲ್ಲಿ ಬಂದು, "ಒಂದಾಟ ಆಡ್ಬಿಟ್ಟು ಹತ್ತುತೀನಿ" ಎಂದು ಕೂತ. ನಾನು ಹೋಗಿ ವೆಂಕಟಪ್ಪನವರಿಗೂ ಅವನಿಗೂ ನಡುವೆ ಜಾಗ ಮಾಡಿಕೊಂಡೆ.

"ಭಾವ, ಅಕ್ಕ ಕರೀತಾವ್ಳೆ ನೋಡಿ" ಎಂದ ನಾಗರಾಜ.

"ಕರೀಲಿ ಬಿಡೋ" ಎಂದು ನಾನು ಎಲೆ ಹಂಚಿದೆ.

ಮೊದಲನೇ ಆಟ ಗೆದ್ದೆ. ಎರಡನೆಯದೂ ಗೆದ್ದೆ. ವೆಂಕಟಪ್ಪನವರು ಏಳು ಕಳಾವರ್ ಇಳಿಸಿದರೆ ನನಗೆ ಅದೇ ಬೇಕಿತ್ತು. ಮುಂದಿನ ಸುತ್ತಿಗೆ ಎಂಟು ಇಳಿಸಿದರೆ ಅದೂ ಬೇಕಿತ್ತು. ಮೂರನೇ ಆಟ ಗೆದ್ದು "ಶೋ!" ಎಂದು ಕೂಗಿದಾಗ ಯಾರೂ ಮೆಚ್ಚಲಿಲ್ಲ. ಮುನಿರಾಜುವಿನ ಮುಖ ಕಪ್ಪಿಟ್ಟಿತು. "ಇನ್ನೊಂದು ಹಂಚಿ" ಎಂದ. ಬೀದಿಯ ಮನೆಮನೆಯ ಬಾಗಿಲಲ್ಲೂ ಒಂದೊಂದು ತಲೆ ಕಾಣಿಸಿತು. ನನ್ನ ಆಟ ನೋಡಲು ಜನ ಸೇರುತ್ತಿದ್ದಾರೆ ಎಂದುಕೊಂಡೆ.

ನಾಗರಾಜ ನನ್ನ ತೋಳು ಹಿಡಿದು ಪಕ್ಕದ ಓಣಿಗೆ ಎಳೆದುಕೊಂಡು ಹೋದ. "ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಸೋತ್ಬಿಡಿ."

"ಯಾಕೋ?"

"ಹಿಂದೊಂದ್ಸಾರ್ತಿ ಅವನು ಆಟ ಸೋತು ಕಂಬ ಹತ್ತಿ, ಶಾಕ್ ಹೊಡೆದು ಕೆಳಕ್ಕೆ ಬಿದ್ದಿದ್ದ. ಆವತ್ತಿಂದ ಗೆಲ್ಲದೆ ಹತ್ತಲ್ಲ. ಅವನ ಜೀವ, ನಾವೇನು ಹೇಳಾಕಾಯ್ತದೆ? ಎಲ್ರೂ ಸೋತು ಕಳಿಸ್ತೀವಿ. ಅವನಿಗೂ ನೆಮ್ಮದಿ, ನಮಗೂ ಕರೆಂಟು. ನೀವೆಲ್ಲಿಂದ ಬಂದು ವಕ್ಕರಿಸಿಕೊಂಡ್ರಿ?"

ನಾನು ಹೋಗಿ ಕೂತೆ. ಮುನಿರಾಜು ಹತ್ತಬೇಕಾದ ಕಂಬವನ್ನೊಮ್ಮೆ ನೋಡಿದೆ. ಗೆದ್ದ ಸಂತೋಷವೆಲ್ಲ ಇಳಿದುಹೋಯಿತು. ಸೋಲುವುದೇನು ಬ್ರಹ್ಮವಿದ್ಯೆಯೇ? ಕೈಯಲ್ಲಿ ಕೂಡಿದ್ದ ಐದು, ಆರು, ಏಳು ಇಸ್ಪೀಟನ್ನು ಒಂದರ ಹಿಂದೊಂದು ಮುನಿರಾಜುವಿನ ಮುಂದೆ ಇಳಿಸಿದೆ. ಏಳು ಬಿದ್ದೊಡನೆ ಅವನು ತನ್ನ ಎಲೆಗಳನ್ನು ಮಗುಚಿ ನೆಲಕ್ಕಿಟ್ಟ.

"ಮೇಷ್ಟ್ರೇ, ನನ್ನೇನಂದ್ಕೊಂಡ್ರಿ? ಬೇಕಂತಲೇ ಸೋಲ್ತಿದ್ದೀರಾ? ನಾನೇನು ಭಿಕ್ಷೆ ಬೇಡಕ್ಕೆ ಬಂದಿದೀನಾ?"

ಅವನು ಎದ್ದು ಸೈಕಲ್ಲಿನ ಸ್ಟ್ಯಾಂಡು ತೆಗೆದ. ನಾಗರಾಜ ಹೋಗಿ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡ. ಆಗ ವೆಂಕಟಪ್ಪನವರು ಶಾಂತವಾಗಿ ಹೇಳಿದರು: "ಸಿಟ್ಟಾಗ್ಬೇಡ ಕಣಪ್ಪಾ ಮುನಿರಾಜು. ಬೇಕಂತ ಇಳಿಸೋವಷ್ಟು ಬುದ್ಧಿ ಮೇಷ್ಟ್ರಿಗೆಲ್ಲಿಂದ ಬರ್ಬೇಕು?"

ಕೂಡಲೇ ಬೀದಿಯ ನಾಲಿಗೆಗೆ ಕರೆಂಟು ಬಂತು. ಪೆನ್ಷನ್‌ದಾರರೊಬ್ಬರು ಎದುರುಮನೆಯಿಂದಲೇ ಕೂಗಿದರು: "ನಿಜ ಕಣಯ್ಯ! ಇವರು ಬರೋದು ಕಂಡ್ರೆ ನಾವು ಎಲೆ ಬಚ್ಚಿಟ್ಟು ಪಂಚಾಂಗ ತೆಗೀತೀವಿ." ಪಡ್ಡೆ ಹುಡುಗನೊಬ್ಬ, "ನಮ್ಮ ಹತ್ರ ಆಡ್ದಾಗ ಜೋಕರ್‌ನೇ ಬೇಡ ಅಂತ ಇಳಿಸಿದ್ರು ಗುರು!" ಎಂದ. ಇವರೆಲ್ಲ ಸಾಲದೆಂದು ನನ್ನ ಧರ್ಮಪತ್ನಿ ಬಾಗಿಲಿಗೆ ಬಂದಳು. "ಆಟದಲ್ಲಿ ಮಾತ್ರ ಅಲ್ಲ ಕಣಣ್ಣ. ಸಂತೆಗೆ ಕಳಿಸಿದ್ರೆ ಕೊಳೆತ ಟೊಮೇಟೊ ಇರೋ ಗುಡ್ಡೆನೇ ಹುಡುಕಿ ತರ್ತಾರೆ."

ಮುನಿರಾಜು ನನ್ನ ಕಡೆ ತಿರುಗಿದ. "ಹೌದಾ ಮೇಷ್ಟ್ರೇ?"

ಇಡೀ ಬೀದಿ ನನ್ನ ಬಾಯನ್ನೇ ನೋಡುತ್ತಿತ್ತು. ಆ ಗುಂಪಿನಲ್ಲಿ ನನ್ನ ತರಗತಿಯ ಹುಡುಗರೂ ಇದ್ದರು. "ಹೌದು ಕಣಪ್ಪಾ" ಎಂದೆ. "ನನಗೆ ಆಟ ಬರಲ್ಲ."

ಅವನು ಕರಗಿಹೋದ. ಮತ್ತೆ ಕೂತು, ನನ್ನ ಬೆನ್ನು ತಟ್ಟಿ, ಎಲೆಗಳನ್ನು ಬಣ್ಣದ ಪ್ರಕಾರ ಜೋಡಿಸಿಕೊಳ್ಳುವುದು ಹೇಗೆಂದು ಒಂದನೇ ತರಗತಿಯ ಮಗುವಿಗೆ ಹೇಳುವಂತೆ ಹೇಳಿಕೊಟ್ಟ. ಮುಂದಿನ ಆಟ ಅವನೇ ಗೆದ್ದ. ಕಂಬಕ್ಕೆ ಕೈಮುಗಿದು ಹತ್ತಿ, ಸುರಕ್ಷಿತವಾಗಿ ಇಳಿದ. ಮಗ್ಗಗಳು ಒಮ್ಮೆಲೇ ಗುಡುಗಿದವು. ಸಾಕ್ಷಿ ಹೇಳಲು ಮುಗಿಬಿದ್ದಿದ್ದ ಜನ ಒಂದು ಕ್ಷಣದಲ್ಲಿ ಮಾಯವಾದರು. ನಾಗರಾಜನ ಸೀರೆಗಳು ಸಂಜೆಗೆ ಮುಗಿದವು.

ಜಗಲಿಯಲ್ಲಿ ಉಳಿದವರು ನಾನು ಮತ್ತು ವೆಂಕಟಪ್ಪನವರು. "ಏನೇ ಅನ್ನಿ, ಮೊದಲ ಮೂರಾಟ ಗೆದ್ದೆನಲ್ಲ" ಎಂದೆ.

"ಅವು ಮುನಿರಾಜುಗೆ ಅಂತ ನಾನು ಇಳಿಸಿದ ಎಲೆ ಮೇಷ್ಟ್ರೇ. ನೀವು ಮಧ್ಯದಲ್ಲಿ ಕೂತ್ಕೊಂಡು ಎತ್ಕೊಂಬಿಟ್ರಿ. ನನ್ನ ಕೈಗೆ ಅಭ್ಯಾಸ, ನಿಲ್ಲಿಸೋಕಾಗ್ಲಿಲ್ಲ."

ಗೆಲ್ಲುವುದು ಹಾಗಿರಲಿ, ಯಾರಿಗೂ ತಿಳಿಯದಂತೆ ಸೋಲುವುದನ್ನಾದರೂ ಕಲಿಯೋಣವೆಂದು ನಾನು ಅವರ ಶಿಷ್ಯನಾದೆ. ಎರಡು ತಿಂಗಳು ತಾಳ್ಮೆಯಿಂದ ಹೇಳಿಕೊಟ್ಟರು: ಯಾವಾಗ ಮುರಿಯಬೇಕು, ಎಷ್ಟು ತಡೆದು ಇಳಿಸಬೇಕು, ಮುಖ ಹೇಗಿಟ್ಟುಕೊಳ್ಳಬೇಕು. ಕೊನೆಗೊಂದು ದಿನ ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ಬಿಟ್ಬಿಡಿ ಮೇಷ್ಟ್ರೇ. ಬೇಕಂತ ಸೋಲೋದು ನಿಮ್ಮ ಕೈಲಾಗಲ್ಲ. ನೀವು ಗೆಲ್ಲಬೇಕು ಅಂತಲೇ ಆಡಿ, ನಮ್ಮ ಕೆಲಸ ತಾನಾಗೇ ಆಗ್ತದೆ."

ಅಂದಿನಿಂದ ನಾನು ಗೆಲ್ಲಲೇಬೇಕೆಂದು ಜೀವ ತೇಯ್ದು ಆಡಿದೆ. ಆಮೇಲೆ ಫ್ಯೂಸು ಹೋದಾಗಲೆಲ್ಲ ನಮ್ಮ ಬೀದಿಗೆ ಮೊದಲನೇ ಆಟಕ್ಕೇ ಕರೆಂಟು ಬರುತ್ತಿತ್ತು.